ಬೀಗ ಹಾಕಿದ ಪುಸ್ತಕ, ಮಲಗದ ಮಗು

ಆಗಸ್ಟ್ ೪, ಸೋಮವಾರ

ಬೆಳಗಿನ ಜಾವ ನಾಲ್ಕೂ ಹತ್ತು. ಎಬ್ಬಿಸಿದ್ದು ಸಣ್ಣದೊಂದು ಸೀಟಿ. ಯಾರೋ ದೂರದಲ್ಲಿ ನಿಂತು ನಾಯಿಮರಿಯನ್ನು ಕರೆದಂಥ ಸದ್ದು; ಬರುತ್ತದೆ, ನಿಲ್ಲುತ್ತದೆ, ಮತ್ತೆ ಬರುತ್ತದೆ. ಮಗುವಿನ ಮೂಗು ಕಟ್ಟಿದೆ, ಉಸಿರು ಸಿಕ್ಕಿಕೊಂಡಿದೆ ಎಂದು ಧಡಕ್ಕನೆ ಎದ್ದು ತೊಟ್ಟಿಲಿಗೆ ಕಿವಿಯಿಟ್ಟೆ. ಮೇಡಮ್ಮ, ಮಗಳನ್ನು ನಾವು ಕರೆಯುವುದೇ ಹಾಗೆ, ಸದ್ದಿಲ್ಲದೆ ಮಲಗಿದ್ದಳು. ಸದ್ದಿಲ್ಲದೆ! ಅದು ಇನ್ನೂ ಹೆಚ್ಚಿನ ಭಯ. ಮೂಗಿನ ಹತ್ತಿರ ಬೆರಳು ಹಿಡಿದೆ, ಬಿಸಿ ಗಾಳಿ ತಾಗಿತು. ಸಾಲದೆಂದು ಕೆನ್ನೆ ಮುಟ್ಟಿ ನೋಡಿದೆ. ಎದ್ದಳು. ಕಿರುಚಿದಳು. ಸೀಟಿ ಮಾತ್ರ ನಿಲ್ಲಲಿಲ್ಲ. ಅದು ಇವರ ಮೂಗಿನದು.

"ಏನಾಯ್ತು?" ಎಂದರು ಕಣ್ಣು ಬಿಡದೆ.

"ನಿಮ್ಮ ಮೂಗು."

"ನನ್ನ ಮೂಗಿಗೇನಾಯ್ತು?" ಎಂದವರು ಉತ್ತರಕ್ಕೆ ಕಾಯದೆ ಮಗ್ಗುಲಾದರು. ಅಂಗಡಿಯಲ್ಲಿ ದಿನವಿಡೀ ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವವರಿಗೆ ಮನೆಗೆ ಬಂದ ಮೇಲೆ ಕಣ್ಣು ತೆರೆಯುವುದೇ ಕಷ್ಟ.

ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಬರೆಯದಿದ್ದರೆ ಬೆಳಿಗ್ಗೆ ನನಗೇ ನೆನಪಿರುವುದಿಲ್ಲ. ಮೊನ್ನೆ ಹಾಲಿನ ಬಾಟಲಿಯನ್ನು ಬಟ್ಟೆಯ ಕಪಾಟಿನಲ್ಲಿಟ್ಟು, ಮಡಿಚಿದ ಟವೆಲನ್ನು ಫ್ರಿಜ್ಜಿನಲ್ಲಿಟ್ಟಿದ್ದೆ.

ಸೆಪ್ಟೆಂಬರ್ ಒಂದಕ್ಕೆ ರಜೆ ಮುಗಿಯುತ್ತದೆ. ಈ ಪಟ್ಟಣದ ನೆಲದಡಿಯಲ್ಲಿ ಯಾವ ನೀರಿನ ಪೈಪು ಎಲ್ಲಿ ತಿರುಗುತ್ತದೆ ಎಂದು ಕಣ್ಣು ಮುಚ್ಚಿಕೊಂಡು ನಕ್ಷೆ ಬರೆಯಬಲ್ಲೆ. ನನ್ನ ನಾಲ್ಕು ತಿಂಗಳ ಮಗಳನ್ನು ಹಗಲು ಹೊತ್ತು ಯಾರ ಕೈಗೆ ಕೊಟ್ಟು ಕಚೇರಿಗೆ ಹೋಗಬೇಕು ಎಂದು ಮಾತ್ರ ತಿಳಿಯುತ್ತಿಲ್ಲ. ಬೀದಿಯ ಕೊನೆಯಲ್ಲಿ ಶಿಶುವಿಹಾರವಿದೆ. ಮನೆಯಲ್ಲಿ ಅತ್ತೆ ಇದ್ದಾರೆ.

ಅತ್ತೆ ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಗಾಡಿಗಳ ವೇಳೆ ಹೇಳುತ್ತಿದ್ದವರು. ನಿವೃತ್ತಿಯಾಗಿರುವುದು ಕೆಲಸ, ದನಿಯಲ್ಲ. "ಒಲೆಯ ಮೇಲಿನ ಹಾಲು ಇನ್ನು ಕೆಲವೇ ಕ್ಷಣಗಳಲ್ಲಿ ಉಕ್ಕಲಿದೆ" ಎಂದು ಕೂತಲ್ಲಿಂದ ಹೇಳುತ್ತಾರೆ. ಎದ್ದು ಹೋಗಿ ಉರಿ ಸಣ್ಣ ಮಾಡುವುದಿಲ್ಲ. ಕೆಟ್ಟವರಲ್ಲ. ಆದರೆ ಮಗು ಮಂಚದಿಂದ ಬಿದ್ದರೂ ಇದೇ ದನಿಯಲ್ಲಿ ತಿಳಿಸುವವರ ಕೈಗೆ ಮಗುವನ್ನು ಕೊಡುವುದು ಹೇಗೆ?

ಅದಕ್ಕೇ ಪುಸ್ತಕ. ಗ್ರಂಥಾಲಯದ ಜಾಲತಾಣದಲ್ಲಿ ಮಕ್ಕಳ ನಿದ್ದೆಯ ಬಗ್ಗೆ ಒಂದು ಇ-ಪುಸ್ತಕ ಸಿಕ್ಕಿತು. ಅದರ ಏಳನೆಯ ಅಧ್ಯಾಯ: 'ಮಗುವನ್ನು ಇನ್ನೊಬ್ಬರ ಕೈಗೆ ಒಪ್ಪಿಸುವ ಮುನ್ನ'. ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಎರವಲು ಪಡೆದೆ. ನಾಳೆ ಓದಿ ಮುಗಿಸುತ್ತೇನೆ.

ಆಗಸ್ಟ್ ೫, ಮಂಗಳವಾರ

ಪುಸ್ತಕ ಬಂತು. ಬಂದದ್ದು ಪುಸ್ತಕವಲ್ಲ.

ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಫೈಲು. ಅದರ ಮೇಲೆ ಒತ್ತಿದರೆ "ಇದನ್ನು ಯಾವುದರಿಂದ ತೆರೆಯಲಿ?" ಎಂದು ಕಂಪ್ಯೂಟರ್ ನನ್ನನ್ನೇ ಕೇಳುತ್ತದೆ. ನನಗೆ ಗೊತ್ತಿದ್ದರೆ ನಿನ್ನ ಬಳಿ ಯಾಕೆ ಬರುತ್ತಿದ್ದೆ? ಪತ್ರ ಬರೆಯುವ ಪ್ರೋಗ್ರಾಮಿನಲ್ಲಿ ಬಲವಂತವಾಗಿ ತೆರೆದೆ. ಇರುವೆಗಳು ಮಸಿಯಲ್ಲಿ ಬಿದ್ದು ಎದ್ದು ದಿಕ್ಕಾಪಾಲಾಗಿ ಓಡಿದ ಹಾಗೆ ಗೀಚುಗಳು, ನಡುವೆ ಸ್ಪಷ್ಟವಾಗಿ ನನ್ನ ಹೆಸರು. ಫೈಲಿನ ಹೆಸರಿನ ಬಾಲ ಕತ್ತರಿಸಿ ಬೇರೆ ಬಾಲ ಅಂಟಿಸಿದೆ. "ಈ ಫೈಲು ಹಾಳಾಗಿದೆ" ಎಂದಿತು. ಹಳೆಯ ಬಾಲವನ್ನೇ ಮತ್ತೆ ಹಚ್ಚಿ ಅಂಗಡಿಗೆ ಫೋನ್ ಮಾಡಿದೆ.

"ಆಫ್ ಮಾಡಿ ಆನ್ ಮಾಡು," ಎಂದರು ಇವರು.

"ಪುಸ್ತಕಾನಾ?"

"ಎಲ್ಲಾನೂ. ಇಲ್ಲೊಬ್ಬರು ಕಣ್ಣಿಗೆ ಔಷಧಿ ಹಾಕಿಸ್ಕೊಂಡು ಕೂತಿದಾರೆ, ಇಡ್ಲಾ?"

ಕಂಪ್ಯೂಟರ್ ಇರುವುದು ಅತ್ತೆ ಮಲಗುವ ಚಿಕ್ಕ ಕೋಣೆಯಲ್ಲಿ. ಅವರು ಅದನ್ನು 'ಪೆಟ್ಟಿಗೆ' ಎನ್ನುತ್ತಾರೆ, ಅದರ ತಲೆಬುಡ ಗೊತ್ತಿಲ್ಲವೆಂದು ಕಸೂತಿ ಬಟ್ಟೆ ಹೊದಿಸಿ ಇಟ್ಟಿದ್ದಾರೆ. ನಾನು ಅದರ ಮುಂದೆ ತಲೆ ಕೆರೆದುಕೊಳ್ಳುವುದನ್ನು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

"ಏನು ಹುಡುಕ್ತಿದೀಯಮ್ಮ?"

"ಪುಸ್ತಕ ಅತ್ತೆ."

"ಕಪಾಟಿನಲ್ಲಿ ನೋಡು," ಎಂದು, ನಾನು ಎದ್ದ ತಕ್ಷಣ ಬಟ್ಟೆ ಹೊದಿಸಿದರು.

ಆಗಸ್ಟ್ ೭, ಗುರುವಾರ

ನಿದ್ದೆ ಇಲ್ಲ. ಮಗುವಿಗೆ ರಾತ್ರಿ ಮೂರು ಬಾರಿ ಎಚ್ಚರವಾಯಿತು, ಅದರಲ್ಲಿ ಎರಡು ಬಾರಿ ನಾನು ಉಸಿರು ನೋಡಲು ಹೋಗಿದ್ದರಿಂದ.

ಗ್ರಂಥಾಲಯಕ್ಕೆ ಫೋನ್ ಮಾಡಿದೆ. ಎತ್ತಿದ ಗ್ರಂಥಪಾಲಕಿ ಮಾತಿನ ಮಧ್ಯೆ ಟಪ್ ಟಪ್ ಎಂದು ಪುಸ್ತಕಗಳಿಗೆ ಮುದ್ರೆ ಒತ್ತುತ್ತಿದ್ದರು.

"ಅಮ್ಮಾ, ನಿಮಗೆ ಬಂದಿರೋದು ಪುಸ್ತಕ ಅಲ್ಲ, ಚೀಟಿ. ಚಪ್ಪಲಿ ಬಿಟ್ಟು ಟೋಕನ್ ತಗೊಳ್ಳಲ್ವಾ, ಹಾಗೆ. ಓದೋ ಪ್ರೋಗ್ರಾಮ್‌ಗೆ ಆ ಚೀಟಿ ತೋರಿಸಿದ್ರೆ ಅದು ಹೋಗಿ ಪುಸ್ತಕ ತಂದು ಕೊಡುತ್ತೆ. ನಿಮ್ಮ ಹೆಸರಿಗೆ ಬೀಗ ಹಾಕಿರುತ್ತೆ, ಬೇರೆ ಯಾರೂ ತೆರೆಯಕ್ಕಾಗಲ್ಲ. ಎರಡು ವಾರ ಆದ್ಮೇಲೆ ತಾನೇ ಮುಚ್ಕೊಂಡು ಸಾಲಿನಲ್ಲಿ ಮುಂದಿನವರಿಗೆ ಹೋಗುತ್ತೆ. ನಮ್ಮಲ್ಲಿ ಒಂದು ಪ್ರತಿ ಅಂದ್ರೆ ಒಂದೇ ಪ್ರತಿ." ಟಪ್.

"ಕಾಗದದ್ದಲ್ಲವಲ್ಲ, ಎಷ್ಟು ಬೇಕಾದ್ರೂ ಪ್ರತಿ ಮಾಡಬಹುದಲ್ವಾ?"

"ಮಾಡಬಹುದು. ಮಾಡಂಗಿಲ್ಲ." ಟಪ್.

ಪ್ರೋಗ್ರಾಮನ್ನು ಎಲ್ಲಿಂದ ಇಳಿಸಿಕೊಳ್ಳಬೇಕೆಂದು ಹೇಳಿದರು. ಇಳಿಸಲು ಹೋದರೆ "ಇದು ಈಗಾಗಲೇ ನಿಮ್ಮಲ್ಲಿದೆ" ಎಂದಿತು ಕಂಪ್ಯೂಟರ್. ನಮ್ಮಲ್ಲಿ! ತೆರೆದೆ. ಒಳಗೆ ಕಪಾಟಿನ ಚಿತ್ರ, ಕಪಾಟಿನಲ್ಲಿ ಒಂಟಿ ಪುಸ್ತಕ. ಮುಖಪುಟದಲ್ಲಿ ಕತ್ತಲೆ ಮೆಟ್ಟಿಲು, ಮೆಟ್ಟಿಲ ಮೇಲೆ ಹೆಂಗಸಿನ ಒಂದೇ ಒಂದು ಚಪ್ಪಲಿ. ಪತ್ತೇದಾರಿ ಕಾದಂಬರಿ. ನನ್ನ ಚೀಟಿಯನ್ನು ತೋರಿಸಿದೆ. ಪ್ರೋಗ್ರಾಮ್ ಒಂದು ಕ್ಷಣ ಯೋಚಿಸಿ ಹೇಳಿತು:

"ಈ ಕಂಪ್ಯೂಟರ್ ಬೇರೊಬ್ಬ ಓದುಗರ ಹೆಸರಿನಲ್ಲಿದೆ. ನಿಮ್ಮ ಪುಸ್ತಕವನ್ನು ತೆರೆಯಲಾಗುವುದಿಲ್ಲ."

ಬೇರೊಬ್ಬ ಓದುಗರು? ನನ್ನ ಮನೆಯಲ್ಲಿ?

ಬಾಟಲಿ ತೊಳೆಯಲು ಪುರುಸೊತ್ತಿಲ್ಲ ಎನ್ನುವವರಿಗೆ ಪತ್ತೇದಾರಿ ಕಾದಂಬರಿ ಓದಲು ಪುರುಸೊತ್ತಿದೆ. ಬರಲಿ ಸಂಜೆ.

ಆಗಸ್ಟ್ ೯, ಶನಿವಾರ

ಎರಡು ದಿನದಿಂದ ವಿಚಾರಣೆ ನಡೆದಿದೆ. ಇವರು ಒಪ್ಪಿಕೊಳ್ಳುತ್ತಿಲ್ಲ.

"ನಾನು ಕೊನೇ ಸಲ ಪೂರ್ತಿ ಓದಿದ್ದು ಅಂಗಡಿ ಗೋಡೆ ಮೇಲಿರೋ ಚಾರ್ಟು ಕಣೆ. ಅದೂ ಬರ್ತಾ ಬರ್ತಾ ಅಕ್ಷರ ಸಣ್ಣ ಆಗಿಬಿಡುತ್ತೆ."

"ಮತ್ತೆ ಆ ಚಪ್ಪಲಿ ಯಾರದು?"

"ಯಾವ ಚಪ್ಪಲಿ?" ಎಂದು ಊಟದ ಮೇಜಿನ ಕೆಳಗೆ ಬಗ್ಗಿ ನೋಡಿದರು. ನಟಿಸುವಷ್ಟು ಬುದ್ಧಿ ಇವರಿಗಿಲ್ಲ ಎಂದು ಆಗ ನಂಬಿದೆ.

"ಊಟ ತಣ್ಣಗಾಗುತ್ತಿದೆ," ಎಂದು ಅತ್ತೆ ಘೋಷಿಸಿದರು. "ದಯವಿಟ್ಟು ತಟ್ಟೆಗಳ ಹತ್ತಿರ ಬನ್ನಿ."

ನಾದಿನಿಗೆ ಫೋನ್ ಮಾಡಿದೆ. ಆಗಾಗ ಬಂದು ಹೋಗುವವಳು, ಕಂಪ್ಯೂಟರ್ ತಿಳಿದವಳು. ಕೇಳಿದ್ದಕ್ಕೆ ನಗು ತಡೆಯಲಾರದೆ, "ಅತ್ತಿಗೆ, ಮನೇಲಿರೋದು ನೀವು ಮೂರೇ ಜನ. ಮೇಡಮ್ಮನ್ನ ವಿಚಾರಿಸಿದ್ರಾ?" ಎಂದಳು. ಇವರ ಮನೆಯವರಿಗೆಲ್ಲ ನಾನು ತಮಾಷೆಯಾಗಿಬಿಟ್ಟಿದ್ದೇನೆ.

ಮಧ್ಯಾಹ್ನ ಎಂದಿನಂತೆ ಅತ್ತೆ, "ನೀನು ಸ್ವಲ್ಪ ಹೊರಗೆ ಗಾಳಿಗೆ ಹೋಗಿ ಬಾ" ಎಂದು ಮಗುವನ್ನು ಎತ್ತಿಕೊಂಡು ಚಿಕ್ಕ ಕೋಣೆಯ ಬಾಗಿಲು ಹಾಕಿಕೊಂಡರು. ಗಾಳಿಗೆ ಹೋಗುವುದೆಂದರೆ ಕೆಳಗಿಳಿದು ಅದೇ ಕೋಣೆಯ ಕಿಟಕಿಯ ಕೆಳಗೆ ನಿಲ್ಲುವುದು. ಅಳು ಕೇಳಿದರೆ ಓಡಲು ಚಪ್ಪಲಿಯನ್ನು ಕೈಯಲ್ಲೇ ಹಿಡಿದಿರುತ್ತೇನೆ. ಒಳಗೆ ಗುಣುಗುಣು ಮಾತು, ಯಾರಿಗೋ ಫೋನ್ ಮಾಡುತ್ತಾರೆ ಎಂದು ಕಾಣುತ್ತದೆ, ದಿನಾ ಅದೇನು ಅಷ್ಟು ಮಾತೋ. ಅಳು ಕೇಳಲೇ ಇಲ್ಲ. ರಾತ್ರಿಯಿಡೀ ಎದ್ದಿದ್ದು ಸುಸ್ತಾಗಿ ಮಗು ಆ ಹೊತ್ತಿಗೆ ತಾನಾಗಿಯೇ ಮಲಗುತ್ತದೆ, ಅಷ್ಟೆ.

ಆಗಸ್ಟ್ ೧೧, ಸೋಮವಾರ

ತೆರೆಯಿತು! ತೆರೆಯಿತು! ತೆರೆಯಿತು!

ಬೆಳಿಗ್ಗೆ ಮತ್ತೆ ಗ್ರಂಥಪಾಲಕಿಗೆ ಫೋನ್.

"ಕಂಪ್ಯೂಟರ್ ಯಾರ ಹೆಸರಿನಲ್ಲಿದೆ ಅಂತ ಅಷ್ಟು ಹೇಳಿಬಿಡಿ ಸಾಕು."

ಮುದ್ರೆಯ ಸದ್ದು ನಿಂತಿತು. "ಅಮ್ಮಾ, ವೈದ್ಯರು, ವಕೀಲರು, ನಾವು. ಈ ಮೂರು ಜನ ಬಾಯಿ ಬಿಡಂಗಿಲ್ಲ. ಯಾರು ಏನು ಓದ್ತಾರೆ ಅನ್ನೋದು ಅವರ ಗುಟ್ಟು."

"ನನ್ನ ಮನೆ ಕಂಪ್ಯೂಟರ್ರೀ!"

"ಮನೆ ನಿಮ್ಮದು, ಗುಟ್ಟು ಅವರದು. ಹಳೇ ಹೆಸರು ಅಳಿಸಬೇಕು ಅಂದ್ರೆ ದಾರಿ ಇದೆ. ಮೂರು ಕೀ ಒಟ್ಟಿಗೆ ಒತ್ತಬೇಕು. ಆದ್ರೆ ಯೋಚನೆ ಮಾಡಿ ಒತ್ತಿ. ಅಳಿಸಿದ ತಕ್ಷಣ ಆ ಓದುಗರ ಪುಸ್ತಕ ಮುಚ್ಚಿಹೋಗುತ್ತೆ. ಅವರ ಗುಪ್ತಪದ ಹಾಕೋ ತನಕ ತೆರೆಯಲ್ಲ. ಪಾಪ, ಅರ್ಧ ಓದಿರ್ತಾರೆ."

ಯಾವ ಪಾಪ? ಒತ್ತಿದೆ. ಮೂರು ಕೀಗೆ ಒಂದು ಕೈ ಸಾಲದೆ ಮೇಡಮ್ಮನ ಕಾಲಿನ ಹೆಬ್ಬೆರಳನ್ನೂ ಬಳಸಿಕೊಂಡೆ. ಚಪ್ಪಲಿಯ ಮುಖಪುಟ ಬೂದಿ ಬಣ್ಣಕ್ಕೆ ತಿರುಗಿ ಅದರ ಮೇಲೆ ಬೀಗದ ಗುರುತು ಬಂತು. ನನ್ನ ಹೆಸರು ಹಾಕಿದೆ, ಚೀಟಿ ತೋರಿಸಿದೆ, ಪುಸ್ತಕ ಬಂತು. ಮುಖಪುಟದ ಮೇಲೆ ನಿದ್ದೆ ಮಾಡುತ್ತಿರುವ ಮಗು. ನಿಜವಾದ ಮಗು ಅಲ್ಲ ಎಂದು ನೋಡಿದರೇ ಗೊತ್ತಾಗುತ್ತದೆ.

ಸಂಜೆ. ಓದಿದೆ. ಮೊದಲನೆಯ ಅಧ್ಯಾಯದಲ್ಲಿ 'ತಾಯಿ ಶಾಂತವಾಗಿರಬೇಕು' ಎಂದಿದೆ. ಎರಡನೆಯದರಲ್ಲೂ ಹಾಗೇ ಇದೆ. ತಡೆಯಲಾಗದೆ ಏಳನೆಯದಕ್ಕೆ ಹಾರಿದೆ. ಎರಡೇ ಪುಟ. 'ನಿಮಗೆ ನಂಬಿಕೆ ಇರುವ ವ್ಯಕ್ತಿಯನ್ನು ಆರಿಸಿಕೊಳ್ಳಿ. ನಂಬಿಕೆ ಎಂಬುದು ಒಂದೇ ದಿನದಲ್ಲಿ ಬರುವುದಿಲ್ಲ.' ಮುಂದಿನ ಪುಟದಲ್ಲಿ ನಂಬಿಕೆ ಇರುವ ತಾಯಿಯೊಬ್ಬಳು ನಗುತ್ತಿರುವ ಚಿತ್ರ.

ಇದಕ್ಕಾ ನಾನು ಒಂದು ವಾರ ಒದ್ದಾಡಿದ್ದು?

ಆಗಸ್ಟ್ ೧೨, ಮಂಗಳವಾರ

ಮಧ್ಯಾಹ್ನ ಕಿಟಕಿಯ ಕೆಳಗೆ ನಿಂತಿದ್ದಾಗ ಅಳು ಕೇಳಿತು. ಬರಿಗಾಲಲ್ಲಿ ಮೆಟ್ಟಿಲು ಹತ್ತಿದೆ. ಅತ್ತೆ ಮಗುವನ್ನು ಹೆಗಲಿಗೆ ಹಾಕಿಕೊಂಡು ಕೋಣೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದರು. ಪೆಟ್ಟಿಗೆಯ ಮೇಲಿನ ಬಟ್ಟೆ ನೆಲದ ಮೇಲಿತ್ತು.

"ಇವತ್ತು ಯಾಕೋ ಮಲಗ್ತಿಲ್ಲ," ಎಂದರು. ದನಿ ಮೊದಲ ಸಲ ಮೈಕಿನದಾಗಿರಲಿಲ್ಲ.

ನೋಡಿದಿರಾ ಎಂದು ನನ್ನ ಮನಸ್ಸು ಇವರಿಗೆ ಹೇಳಿತು, ಇವರು ಅಂಗಡಿಯಲ್ಲಿದ್ದರು.

ಆಗಸ್ಟ್ ೧೩, ಬುಧವಾರ

ಎರಡು ಸಲ ಬರೆದು ಹೊಡೆದು ಹಾಕಿದೆ. ಸಿಟ್ಟಿಗೋ ಇನ್ನೇನಕ್ಕೋ.

ಮಧ್ಯಾಹ್ನ ಕೆಳಗಿಳಿಯುವಾಗ ಬಾಗಿಲ ಹತ್ತಿರ ನಿಂತೆ. ಒಳಗಿನಿಂದ ಅತ್ತೆಯ ದನಿ, ನಿಲ್ದಾಣದಲ್ಲಿ ಕೇಳುವ ಅದೇ ದನಿ, ಏರಿಳಿತವಿಲ್ಲದೆ ಬರುತ್ತಿತ್ತು:

"ಹೆಂಗಸಿನ ಶವ ಮೂರನೆಯ ಮೆಟ್ಟಿಲ ಮೇಲೆ ಪತ್ತೆಯಾಗಿದೆ. ಕುತ್ತಿಗೆಯ ಸುತ್ತ ರೇಷ್ಮೆಯ ಹಗ್ಗವಿದೆ. ಇನ್ಸ್‌ಪೆಕ್ಟರ್ ಅವರು ಇನ್ನು ಸ್ವಲ್ಪ ಹೊತ್ತಿನಲ್ಲಿ ಆಗಮಿಸಲಿದ್ದಾರೆ."

ಬಾಗಿಲು ನೂಕಿದೆ. ತೊಡೆಯ ಮೇಲೆ ನನ್ನ ಮಗಳು. ಎದುರಿಗೆ ಕಂಪ್ಯೂಟರ್, ಪರದೆಯ ಮೇಲೆ ಬೂದಿ ಬಣ್ಣದ ಚಪ್ಪಲಿ, ಅದರ ಮೇಲೆ ಬೀಗ. ಓದಲಾಗದೆ, ಮೊದಲ ಅಧ್ಯಾಯವನ್ನು ಬಾಯಿಪಾಠದಿಂದ ಹೇಳುತ್ತಿದ್ದರು!

"ಅತ್ತೆ! ನೀವಾ?"

"ಮೆಲ್ಲಗೆ. ಈಗ ಕಣ್ಣು ಮುಚ್ತಿದಾಳೆ."

"ನಾಲ್ಕು ತಿಂಗಳ ಮಗುಗೆ ಕೊಲೆ ಕಥೆ ಹೇಳ್ತೀರಾ?"

"ಕೊಲೆ ಅಂತ ಅವಳಿಗೇನು ಗೊತ್ತು? ಅವಳು ಕೇಳೋದು ದನಿ. ಜೋಗುಳ ಹೇಳಿದ್ರೆ ಅಳ್ತಾಳೆ, ನಂಗೆ ರಾಗ ಬರಲ್ಲ. ಇದಕ್ಕಾದ್ರೆ ಎರಡು ಪುಟಕ್ಕೆ ಮಲಗ್ತಾಳೆ, ಉಳಿದಿದ್ದು ನಾನು ಓದ್ಕೋತೀನಿ."

"ಪೆಟ್ಟಿಗೆಯ ತಲೆಬುಡ ಗೊತ್ತಿಲ್ಲ ಅಂತಿದ್ರಲ್ಲ? ನಾನು ಅವರನ್ನ ಎರಡು ದಿನ ಬಾಯಿಗೆ ಬಂದ ಹಾಗೆ ಅಂದೆ. ನೀವು ಊಟ ತಣ್ಣಗಾಗುತ್ತೆ ಅಂತ ಸುಮ್ಮನೆ ಕೂತಿದ್ರಿ!"

ಅತ್ತೆ ಮಗುವಿನ ಮುಖ ನೋಡುತ್ತಲೇ ಹೇಳಿದರು: "ನಿನ್ನ ನಾದಿನಿ ಹಾಕಿಕೊಟ್ಟಿದ್ದು. ಹೇಳೋಣ ಅಂತಲೇ ಇದ್ದೆ. ಆದ್ರೆ ಕೊಲೆ ಕಥೆ ಓದೋ ಮುದುಕಿ ಕೈಗೆ ನೀನು ಮಗು ಕೊಡ್ತೀಯಾ? ಮಗು ಕೈ ತಪ್ಪುತ್ತೆ ಅಂತ ಹೇಳಲಿಲ್ಲ."

ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. "ಕೊಡಲ್ಲ ಅತ್ತೆ. ಒಂದನೇ ತಾರೀಖಿನಿಂದ ಶಿಶುವಿಹಾರಕ್ಕೆ ಹಾಕ್ತೀನಿ" ಎಂದುಬಿಟ್ಟೆ.

ಅತ್ತೆ ಮಗುವನ್ನು ತಟ್ಟಿ ಎದ್ದರು. ಆಮೇಲೆ, "ಗಾಡಿ ರದ್ದು ಅಂತ ಮೊದಲೇ ಹೇಳಿದ್ರೆ ಜನ ಪ್ಲಾಟ್‌ಫಾರ್ಮಿನಲ್ಲಿ ಕಾಯೋದು ತಪ್ಪುತ್ತೆ ಕಣಮ್ಮ" ಎಂದು ಮಗುವನ್ನು ನನ್ನ ಕೈಗೆ ಕೊಟ್ಟರು. ಸಂಜೆ ಇವರು ಬರುವ ಹೊತ್ತಿಗೆ ಅತ್ತೆಯ ಬಟ್ಟೆಬರೆ ಚೀಲದಲ್ಲಿತ್ತು. ಮಗ ಎಷ್ಟು ಹೇಳಿದರೂ ಕೇಳದೆ ಮಗಳ ಮನೆಗೆ ಹೋದರು.

ಇವರು ನನ್ನೊಡನೆ ಮಾತಾಡುತ್ತಿಲ್ಲ. ಮೂಗು ಮಾತ್ರ ಮಾತಾಡುತ್ತಿದೆ.

ಆಗಸ್ಟ್ ೧೪, ಗುರುವಾರ

ಶಿಶುವಿಹಾರ ನೋಡಿ ಬಂದೆ. ಚೊಕ್ಕಟ. ಕಿಟಕಿಗೆ ಜಾಲರಿ, ನೆಲಕ್ಕೆ ಮೆತ್ತನೆಯ ಹಾಸು, ಪ್ರತಿ ತೊಟ್ಟಿಲಿಗೂ ಒಂದೊಂದು ಪ್ರಾಣಿಯ ಚಿತ್ರ. ಮೇಡಮ್ಮನಿಗೆ ಆಮೆ ಸಿಗುತ್ತದಂತೆ. ನೋಡಿಕೊಳ್ಳುವ ಹೆಂಗಸರು ನಗುಮುಖದವರು.

"ಮಲಗದೇ ಇದ್ರೆ ಏನು ಮಾಡ್ತೀರಿ?" ಎಂದೆ.

"ಎಲ್ಲಾ ಮಕ್ಕಳೂ ಒಂದೇ ಹೊತ್ತಿಗೆ ಮಲಗ್ತಾರೆ. ಅಭ್ಯಾಸ ಆಗಿಬಿಡುತ್ತೆ."

"ಏನಾದ್ರೂ ಓದಿ ಹೇಳ್ತೀರಾ?"

"ಮೊಲದ ಕಥೆ ಇದೆ, ಅಳಿಲಿನದೂ ಇದೆ."

ತಪ್ಪು ಹುಡುಕಲೆಂದೇ ಹೋಗಿದ್ದೆ. ಒಂದೂ ಸಿಗಲಿಲ್ಲ. ಬರುತ್ತಾ ದಾರಿಯಲ್ಲಿ ವಿನಾಕಾರಣ ಸಿಟ್ಟು ಬಂತು, ಆಮೆಯ ಮೇಲೆ. "ಯೋಚಿಸಿ ಹೇಳ್ತೀನಿ" ಎಂದು ಬಂದಿದ್ದೇನೆ.

ಆಗಸ್ಟ್ ೧೭, ಭಾನುವಾರ

ಮಗು ಹಗಲು ಮಲಗಿ ನಾಲ್ಕು ದಿನವಾಯಿತು. ಇವತ್ತು ರಜೆ ಎಂದು ಇವರೂ ಮನೆಯಲ್ಲಿದ್ದರು, ಮಾತೂ ಶುರುವಾಗಿದೆ. ಅನಿವಾರ್ಯವಾಗಿ; ಅಳುವ ಮಗು ಇಬ್ಬರದೂ.

ನಿದ್ದೆಯ ಪುಸ್ತಕವನ್ನೇ ಗಟ್ಟಿಯಾಗಿ ಓದಿದೆ. 'ತಾಯಿ ಶಾಂತವಾಗಿರಬೇಕು' ಎಂಬಲ್ಲಿಗೆ ಮಗು ಎರಡು ಮನೆಗೆ ಕೇಳುವಂತೆ ಕಿರುಚಿತು. ಕಚೇರಿಯ ಪೈಪುಗಳ ಕೈಪಿಡಿ ಓದಿದೆ, ಆಸಕ್ತಿಯಿಂದ ಕಣ್ಣರಳಿಸಿ ಕೇಳಿತು, ಮಲಗಲಿಲ್ಲ. ಇವರು ಅಂಗಡಿಯ ಚಾರ್ಟನ್ನು ನೆನಪಿನಿಂದ ಮೇಲಿನ ಸಾಲಿನಿಂದ ಹೇಳಿದರು. ಕೊನೆಯ ಸಾಲು ಹೇಳುತ್ತಾ ಇವರೇ ಮಲಗಿಬಿಟ್ಟರು.

ಆಗ ನಾಚಿಕೆ ಬಿಟ್ಟು ಬಾಗಿಲು ಹಾಕಿಕೊಂಡು, ದನಿಯನ್ನು ಚಪ್ಪಟೆ ಮಾಡಿಕೊಂಡು, "ಹೆಂಗಸಿನ ಶವ ಮೂರನೆಯ ಮೆಟ್ಟಿಲ ಮೇಲೆ ಪತ್ತೆಯಾಗಿದೆ" ಎಂದೆ. ಅಳು ನಿಂತಿತು! ಮೇಡಮ್ಮ ನನ್ನ ಬಾಯಿಯನ್ನೇ ನೋಡಿದಳು. "ಕುತ್ತಿಗೆಯ ಸುತ್ತ ರೇಷ್ಮೆಯ ಹಗ್ಗವಿದೆ. ಇನ್ಸ್‌ಪೆಕ್ಟರ್ ಆಗಮಿಸಲಿದ್ದಾರೆ." ರೆಪ್ಪೆ ಇಳಿಯಿತು. ಮುಂದೆ? ನನಗೆ ಗೊತ್ತಿದ್ದದ್ದು ಅಷ್ಟೇ. ಇನ್ಸ್‌ಪೆಕ್ಟರನ್ನು ಆಗಮಿಸುವಂತೆ ಮಾಡಿದೆ, ಟೋಪಿ ತೆಗೆಸಿದೆ, ಮೆಟ್ಟಿಲು ಹತ್ತಿಸಿದೆ, ಇಳಿಸಿದೆ. ಮೂರನೆಯ ಬಾರಿ ಹತ್ತಿಸುವಾಗ ಮಗುವಿಗೆ ಮೋಸ ಗೊತ್ತಾಯಿತು.

ಆದರೂ ಆ ಇನ್ನೊಂದು ಚಪ್ಪಲಿ ಎಲ್ಲಿಗೆ ಹೋಯಿತು? ಪಾತ್ರೆ ತೊಳೆಯುವಾಗಲೂ ಅದೇ ಯೋಚನೆ. ಸತ್ತವಳು ಆ ಮನೆಯೊಡತಿಯೇ ಆಗಿದ್ದರೆ ಎರಡು ಚಪ್ಪಲಿಯೂ ಅಲ್ಲೇ ಇರಬೇಕಲ್ಲ?

ಆಗಸ್ಟ್ ೧೮, ಸೋಮವಾರ

ನಿದ್ದೆಯ ಪುಸ್ತಕದ ಗಡುವು ಮುಗಿದು ತಾನೇ ಮುಚ್ಚಿಕೊಂಡಿತಂತೆ. ಮಧ್ಯಾಹ್ನ ಯಾವುದಕ್ಕೋ ಕಂಪ್ಯೂಟರ್ ತೆರೆದಾಗ ನೋಡಿದೆ. ಸರಿ, ಹೋಗಲಿ.

ಕಾದಂಬರಿಯನ್ನು ನನ್ನ ಹೆಸರಿಗೆ ಎರವಲು ಕೇಳಿದೆ. ಸಾಲು ಉದ್ದವಿದೆ, ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸಿಗಬಹುದಂತೆ. ಗ್ರಂಥಪಾಲಕಿಗೆ ಫೋನ್ ಮಾಡಿದೆ.

"ಇರೋದು ಒಂದೇ ಪ್ರತಿ. ಅದು ಒಬ್ಬ ಓದುಗರ ಹತ್ತಿರ ಇದೆ. ಬುಧವಾರ ಬೆಳಿಗ್ಗೆ ನಾವು ಬಾಗಿಲು ತೆಗೆಯೋ ಹೊತ್ತಿಗೆ ಮುಚ್ಚುತ್ತೆ. ಸಾಲು ಇದೆಯಲ್ಲ, ಅವಧಿ ಮುಂದೆ ಹಾಕಂಗಿಲ್ಲ." ಟಪ್. "ಪಾಪ, ಅವರು ಸುಮಾರು ದಿನದಿಂದ ಪುಟ ತಿರುವಿಯೇ ಇಲ್ಲ. ಯಾರು ಅಂತ ನಾನು ಹೇಳಂಗಿಲ್ಲ."

"ಹೇಳಬೇಡಿ. ನಂಗೊತ್ತು."

ಮುದ್ರೆ ನಿಂತಿತು. "ಅಮ್ಮಾ, ಆ ಮೂರು ಕೀ ಒತ್ತಿದ್ದು..."

"ನಾನೇ," ಎಂದೆ.

"ಅವರ ಗುಪ್ತಪದ ಹಾಕಿದ್ರೆ ಈಗಲೂ ತೆರೆಯುತ್ತೆ," ಎಂದರು ತೀರ ಮೆಲ್ಲಗೆ, ಯಾರೋ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಹಾಗೆ. "ನಾನು ಹೇಳಿದೆ ಅಂತ ಹೇಳಬೇಡಿ."

ನಿನ್ನೆ ರಾತ್ರಿ ಮೇಡಮ್ಮ ಎದ್ದು ತುಂಬ ಅತ್ತಳಂತೆ, ಇವರೇ ಎತ್ತಿಕೊಂಡು ಬಾಟಲಿ ಕೊಟ್ಟರಂತೆ. ಬೆಳಿಗ್ಗೆ ಹೇಳಿದರು. ನನ್ನನ್ನು ಏಕೆ ಎಬ್ಬಿಸಲಿಲ್ಲ ಎಂದು ಕೇಳಬೇಕಿತ್ತು, ಮರೆತೆ.

ಆಗಸ್ಟ್ ೧೯, ಮಂಗಳವಾರ

ಬೆಳಿಗ್ಗೆಯಿಂದ ಫೋನ್ ಮಾಡುತ್ತಿದ್ದೇನೆ. ಅತ್ತೆ ಎತ್ತುತ್ತಿಲ್ಲ. ನಾದಿನಿ ಎತ್ತುತ್ತಾಳೆ. "ಅಮ್ಮ ಸ್ನಾನಕ್ಕೆ ಹೋಗಿದಾರೆ." ಮಧ್ಯಾಹ್ನ: "ಅಮ್ಮ ಮಲಗಿದಾರೆ." ಸಂಜೆ: "ಅತ್ತಿಗೆ, ಅಮ್ಮ ಎದುರಿಗೇ ಕೂತಿದಾರೆ, ಇಲ್ಲ ಅಂತ ಹೇಳು ಅಂತಿದಾರೆ."

"ಗುಪ್ತಪದ ನಿಂಗೆ ಗೊತ್ತಿಲ್ವಾ? ನೀನೇ ಹಾಕಿಕೊಟ್ಟಿದ್ದಲ್ಲ?"

"ಮಾರನೇ ದಿನವೇ ಬದಲಾಯಿಸಿಬಿಟ್ರು. ನಂಗೂ ಹೇಳಿಲ್ಲ."

ಹಿಂದೆ ಅತ್ತೆಯ ದನಿ ಕೇಳಿತು: "ಮಾತು ಮುಗಿದಿದ್ದರೆ ದಯವಿಟ್ಟು ಫೋನ್ ಇಡಿ." ಆ ದನಿ ಕೇಳಿ ನನ್ನ ಹೆಗಲಿನ ಮೇಲಿದ್ದ ಮೇಡಮ್ಮ ತಲೆಯೆತ್ತಿ ಫೋನಿನ ಕಡೆಗೆ ತಿರುಗಿದಳು. ತುಟಿ ಕೊಂಕಿಸಿದಳು. ಅಳಲಿಲ್ಲ, ಕಾದಳು. ನಾದಿನಿ ಅಷ್ಟರಲ್ಲಿ ಇಟ್ಟುಬಿಟ್ಟಿದ್ದಳು.

ರಾತ್ರಿ, ಎಲ್ಲ ಮುಗಿದ ಮೇಲೆ. ಇವರನ್ನು ಕಳಿಸೋಣವೆಂದರೆ, "ಜಗಳ ನಿಂದು, ನಾನು ಹೋದ್ರೆ ಅಮ್ಮ ನನ್ನ ಕಣ್ಣು ಪರೀಕ್ಷೆ ಮಾಡ್ತಾಳೆ" ಎನ್ನುತ್ತಾರೆ. ಸಂದೇಶ ಟೈಪ್ ಮಾಡಲು ಕೂತೆ. ಮಗು ಹೆಗಲ ಮೇಲಿದ್ದರೆ ಒಂದು ಬೆರಳಿನಲ್ಲಿ ಎಷ್ಟು ಬರೆಯುವುದು? ಕ್ಷಮೆ ಕೇಳುವ ಪದ ಬರುವ ಹೊತ್ತಿಗೆ ಫೋನ್ ಅದನ್ನು ಕ್ಷೌರ ಎಂದು ತಿದ್ದುತ್ತದೆ. ಆದ್ದರಿಂದ ಇಲ್ಲಿ ಬರೆದು, ಈ ಪುಟದ ಫೋಟೋ ತೆಗೆದು ಕಳಿಸುತ್ತೇನೆ. ಬೇರೆ ಪುಟಗಳನ್ನು ಯಾರೂ ನೋಡಬೇಕಾಗಿಲ್ಲ.

ಅತ್ತೆ,

ನಿಮ್ಮ ಪುಸ್ತಕ ನಾಳೆ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆರೆಯುವ ಹೊತ್ತಿಗೆ ಮುಚ್ಚಿಹೋಗುತ್ತದೆ. ಆಮೇಲೆ ಕ್ರಿಸ್‌ಮಸ್ ತನಕ ಅದು ನಮ್ಮ ಕೈಗೆ ಸಿಗುವುದಿಲ್ಲ. ಪೆಟ್ಟಿಗೆಯಿಂದ ನನ್ನ ಹೆಸರನ್ನು ಅಳಿಸಿದ್ದೇನೆ, ಈಗ ಅದು ಯಾರದೂ ಅಲ್ಲ. ನಿಮ್ಮ ಗುಪ್ತಪದ ಹಾಕಿದರೆ ನಿಮ್ಮದಾಗುತ್ತದೆ, ಇನ್ನು ಮೇಲೆ ನಿಮ್ಮದೇ ಆಗಿರಲಿ. ನನಗೆ ಹೇಳಲು ಮನಸ್ಸಿಲ್ಲದಿದ್ದರೆ ಬೇಡ, ಇವರ ಕಿವಿಯಲ್ಲಿ ಹೇಳಿ. ನಾನು ಬೇರೆ ಕೋಣೆಗೆ ಹೋಗುತ್ತೇನೆ.

ಅದೂ ಬೇಡವಾದರೆ ಬೇಡ ಅತ್ತೆ. ಪುಸ್ತಕ ಮುಚ್ಚಿದರೆ ಮುಚ್ಚಲಿ. ಫೋನಿನಲ್ಲಿ ಎರಡು ಮಾತು ಹೇಳಿ ಸಾಕು, ಯಾವ ಗಾಡಿ ಎಷ್ಟು ತಡ ಎಂದಾದರೂ ಹೇಳಿ, ಮೇಡಮ್ಮನ ಕಿವಿಗೆ ಹಿಡಿಯುತ್ತೇನೆ. ಆರು ದಿನದಿಂದ ಅವಳು ಕಾಯುತ್ತಿದ್ದಾಳೆ, ನನಗೇ ಅರ್ಥವಾಗಲಿಲ್ಲ. ಶಿಶುವಿಹಾರದವರಿಗೆ ನಾನು ಹೂಂ ಅಂದಿಲ್ಲ. ಅಲ್ಲಿ ಎಲ್ಲವೂ ಸರಿಯಾಗಿದೆ, ನೀವಿಲ್ಲ. ಒಂದನೇ ತಾರೀಖು ಬೆಳಿಗ್ಗೆ ಮಗುವನ್ನು ನಿಮ್ಮ ಕೈಗೆ ಕೊಟ್ಟು ಕಚೇರಿಗೆ ಹೋಗಬೇಕು ಎಂದಿದ್ದೇನೆ. ನೀವು ಒಪ್ಪಿದರೆ. ಕಥೆಯಲ್ಲಿ ಯಾರನ್ನು ಬೇಕಾದರೂ ಕೊಲ್ಲಿಸಿ.

ಅವತ್ತು ನಾನು ಆಡಿದ ಮಾತು ತಪ್ಪು. ಇದನ್ನು ಎದುರಿಗೆ ನಿಂತು ಇನ್ನೊಂದು ಸಲ ಹೇಳುತ್ತೇನೆ, ನೀವು ಬಂದರೆ.

ಕೊಲೆ ಮಾಡಿದ್ದು ಯಾರು ಎಂದು ಮಾತ್ರ ಈಗಲೇ ಹೇಳಬೇಡಿ. ನನಗೆ ಮನೆಯೊಡತಿಯ ತಮ್ಮನ ಮೇಲೆ ಅನುಮಾನ. ಅವಳಿಗೆ ತಮ್ಮ ಇದ್ದಾನೋ ಇಲ್ಲವೋ ಗೊತ್ತಿಲ್ಲ.

ಸಿಟ್ಟಿನಿಂದಲಾದರೂ ಸರಿ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ ಅತ್ತೆ. ಎಷ್ಟು ಹೊತ್ತಾದರೂ ಮಾಡಿ. ಮೊದಲ ಸಲಕ್ಕೆ ಎತ್ತದಿದ್ದರೆ ದಯವಿಟ್ಟು ಮತ್ತೆ ಮತ್ತೆ ಮಾಡಿ, ಬಿಡಬೇಡಿ. ಈಚೆಗೆ ಯಾಕೋ ದಿಂಬಿಗೆ ತಲೆ ತಾಗಿದರೆ ನನಗೆ ಎಚ್ಚರವೇ ಆಗುವುದಿಲ್ಲ.